ಮ್ಯಾಕ್‌ಡೇವಿಡ್ ದೊಡ್ಡವನೋ, ಮೆಕಿನನ್ ದೊಡ್ಡವನೋ? ಕೆನಡಾದ ಚಳಿಗಾಲದ ವಾದ

ಕೊಡಗಿನಲ್ಲಿ ಮನೆತನಗಳ ಹಾಕಿ ಹಬ್ಬ ನೋಡಿ ಬೆಳೆದವರೂ ಕೆನಡಾಕ್ಕೆ ಬಂದ ಮೇಲೆ ‘ಹಾಕಿ’ ಎಂಬ ಮಾತನ್ನು ಹೊಸದಾಗಿ ಕಲಿಯಬೇಕು. ಇಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನದು. ನಮ್ಮದನ್ನು ‘ಫೀಲ್ಡ್ ಹಾಕಿ’ ಎಂದು ಬಿಡಿಸಿ ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಕ್ಟೋಬರಿನಿಂದ ಜೂನ್‌ವರೆಗೆ ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ವೃತ್ತಿಪರ ಐಸ್ ಹಾಕಿ ಲೀಗ್) ನಡೆಯುವಷ್ಟು ದಿನವೂ ಆಫೀಸಿನ ಊಟದ ಹೊತ್ತಿನಲ್ಲಿ, ಕ್ಷೌರದಂಗಡಿಯಲ್ಲಿ ಒಂದೇ ಚರ್ಚೆ: ಈಗ ಆಡುತ್ತಿರುವವರಲ್ಲಿ ಯಾರು ಶ್ರೇಷ್ಠ? ಎಡ್ಮಂಟನ್‌ನ ಕಾನರ್ ಮ್ಯಾಕ್‌ಡೇವಿಡ್, ಕೊಲರಾಡೊದ ನೇಥನ್ ಮೆಕಿನನ್ ಮತ್ತು ಕೇಲ್ ಮಕಾರ್, ಟ್ಯಾಂಪಾದ ನಿಕಿತಾ ಕುಚೆರೋವ್ ಈ ನಾಲ್ಕು ಹೆಸರು ಬಂದೇ ಬರುತ್ತವೆ. ಈ ಮಾತಿಗೆ ಸೇರಬೇಕೆಂದರೆ ಅಂಕಿಗಳನ್ನು ಬಿಡಿಸಿ ಓದಲು ಬರಬೇಕು.

ಗೋಲ್ ಹೊಡೆದವನಿಗೆ ಒಂದು ಪಾಯಿಂಟ್. ಅವನಿಗೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ದಾಟಿಸಿದವನಿಗೆ ಒಂದು, ಅದಕ್ಕೂ ಮೊದಲು ದಾಟಿಸಿದವನಿಗೆ ಇನ್ನೊಂದು; ಹೀಗೆ ದಾಟಿಸುವುದೇ ಅಸಿಸ್ಟ್. ಒಂದೇ ಗೋಲಿಗೆ ಮೂವರಿಗೆ ಪಾಯಿಂಟ್ ಸಿಗಬಹುದು, ಮೂರಕ್ಕೂ ಬೆಲೆ ಒಂದೇ. ತಪ್ಪು ಹುಟ್ಟುವುದು ಇಲ್ಲೇ. ತನ್ನ ಗೋಲಿನ ಹತ್ತಿರ ನಿಂತು ಸುಮ್ಮನೆ ಪಕ್ಕದವನಿಗೆ ತಳ್ಳಿದವನಿಗೂ, ಇಬ್ಬರು ಡಿಫೆನ್ಸ್‌ಮನ್‌ಗಳ ನಡುವೆ ಸೂಜಿಯಲ್ಲಿ ದಾರ ಪೋಣಿಸಿದಂತೆ ಪಾಸ್ ಕೊಟ್ಟವನಿಗೂ ಅದೇ ಒಂದು. ಆದ್ದರಿಂದ ಗೋಲ್, ಮೊದಲ ಅಸಿಸ್ಟ್, ಎರಡನೆಯ ಅಸಿಸ್ಟ್ ಇವನ್ನು ಬೇರೆ ಬೇರೆ ನೋಡಿ.

ಎರಡನೆಯ ಜರಡಿ ಪವರ್ ಪ್ಲೇ. ಎದುರಾಳಿ ತಪ್ಪೆಸಗಿ ಎರಡು ನಿಮಿಷ ಹೊರಗೆ ಕೂತಾಗ ಐವರು ನಾಲ್ವರ ವಿರುದ್ಧ ಆಡುತ್ತಾರೆ. 2022-23ರಲ್ಲಿ ಮ್ಯಾಕ್‌ಡೇವಿಡ್ 82 ಪಂದ್ಯಗಳಲ್ಲಿ 64 ಗೋಲ್, 89 ಅಸಿಸ್ಟ್, ಒಟ್ಟು 153 ಪಾಯಿಂಟ್ ಗಳಿಸಿದ. ಅದರಲ್ಲಿ 71 ಪವರ್ ಪ್ಲೇಯಲ್ಲಿ ಬಂದವು. ಅವನನ್ನು ಒಪ್ಪದವರು ಮೊದಲು ಎತ್ತುವ ಮಾತು ಇದು. ಆದರೆ ಆ ವರ್ಷ ಎಡ್ಮಂಟನ್‌ನ ಪವರ್ ಪ್ಲೇ 32.4 ಶೇಕಡಾ ಯಶಸ್ಸು ಕಂಡಿತು, ಅದು ಲೀಗಿನ ಇತಿಹಾಸದಲ್ಲೇ ಹೆಚ್ಚು. ಆ ಐವರಲ್ಲಿ ಪಕ್ ಹೆಚ್ಚು ಹೊತ್ತು ಇರುತ್ತಿದ್ದುದು ಇವನ ಸ್ಟಿಕ್ಕಿನಲ್ಲಿ. ಸುಲಭದ ಪಾಯಿಂಟುಗಳೆಂದು ಅವನ್ನು ಕಳೆದುಬಿಡುವುದು ನ್ಯಾಯವಲ್ಲ.

ಇನ್ನು ಪ್ರಶಸ್ತಿಗಳು. ಹೊಸಬರು ಹೆಚ್ಚು ಎಡವುವುದು ಇಲ್ಲಿ. ಹಾರ್ಟ್ ಟ್ರೋಫಿ ಶ್ರೇಷ್ಠ ಆಟಗಾರನಿಗಲ್ಲ, ‘ತನ್ನ ತಂಡಕ್ಕೆ ಅತಿ ಬೆಲೆಯುಳ್ಳವನಿಗೆ’. ಅದಕ್ಕೆ ಮತ ಹಾಕುವವರು ಪತ್ರಕರ್ತರು, ಅದೂ ಲೀಗ್ ಸುತ್ತು ಮುಗಿದು ಕಪ್‌ಗಾಗಿ ನಡೆಯುವ ಪ್ಲೇಆಫ್‌ಗೆ ಮೊದಲೇ. ಟೆಡ್ ಲಿಂಡ್ಸೆ ಪ್ರಶಸ್ತಿಗೆ ಆಟಗಾರರೇ ತಮ್ಮಲ್ಲಿ ಶ್ರೇಷ್ಠನನ್ನು ಆರಿಸುತ್ತಾರೆ. ಇವೆರಡರ ಅಂತರ 2018ರಲ್ಲಿ ನಿಚ್ಚಳವಾಗಿ ಕಂಡಿತು. ಮ್ಯಾಕ್‌ಡೇವಿಡ್ 108 ಪಾಯಿಂಟ್ ಗಳಿಸಿ ಲೀಗಿಗೇ ಮೊದಲಿಗನಾದ, ಲಿಂಡ್ಸೆ ಅವನಿಗೇ ಬಂತು. ಹಾರ್ಟ್ ಮಾತ್ರ ನ್ಯೂಜೆರ್ಸಿಯ ಟೇಲರ್ ಹಾಲ್‌ಗೆ. ಹಾಲ್ ಗಳಿಸಿದ್ದು 93, ಆದರೆ ಅವನ ತಂಡದಲ್ಲಿ ಎರಡನೆಯವನದು ಬರೀ 52. ಹಾಲ್ ಇಲ್ಲದಿದ್ದರೆ ಆ ತಂಡ ಪ್ಲೇಆಫ್‌ನ ಹತ್ತಿರವೂ ಸುಳಿಯುತ್ತಿರಲಿಲ್ಲ. ಎಡ್ಮಂಟನ್ ಮ್ಯಾಕ್‌ಡೇವಿಡ್ ಇದ್ದೂ ಪ್ಲೇಆಫ್ ತಲುಪಲಿಲ್ಲ. 2025ರಲ್ಲಿ ಮತ್ತೆ ಹೀಗೇ ಆಯಿತು: ಹಾರ್ಟ್ ವಿನಿಪೆಗ್‌ನ ಗೋಲಿ (ಗೋಲ್‌ಕೀಪರ್) ಕಾನರ್ ಹೆಲ್ಲೆಬಕ್‌ಗೆ, ಲಿಂಡ್ಸೆ 121 ಪಾಯಿಂಟ್ ಗಳಿಸಿದ ಕುಚೆರೋವ್‌ಗೆ. ಯಾರಾದರೂ ‘ಇವನಿಗೆ ಇಷ್ಟು ಹಾರ್ಟ್ ಬಂದಿದೆ’ ಎಂದು ವಾದ ಮುಗಿಸಲು ಹೊರಟರೆ ಲಿಂಡ್ಸೆ ಎಷ್ಟು ಎಂದು ಕೇಳಿ.

ಗೋಲಿಯನ್ನೂ ಫಾರ್ವರ್ಡ್‌ನನ್ನೂ ಹೋಲಿಸುವುದು ಕುಂಬ್ಳೆಯನ್ನೂ ದ್ರಾವಿಡ್‌ನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ. ಡಿಫೆನ್ಸ್‌ಮನ್ ವಿಷಯ ಬೇರೆ, ಅಲ್ಲಿ ಹೋಲಿಕೆ ಸಾಧ್ಯ. ಮುಂಚೂಣಿಯ ಫಾರ್ವರ್ಡ್ 60 ನಿಮಿಷದ ಪಂದ್ಯದಲ್ಲಿ 20-22 ನಿಮಿಷ ಐಸ್ ಮೇಲಿರುತ್ತಾನೆ, ಮುಕ್ಕಾಲು ನಿಮಿಷಕ್ಕೊಮ್ಮೆ ಬೆಂಚಿಗೆ ಮರಳುತ್ತಾನೆ. ಮಕಾರ್ 25 ನಿಮಿಷದಷ್ಟು ಆಡುತ್ತಾನೆ, ಗೋಲ್ ತಡೆಯುತ್ತಲೇ 2024-25ರಲ್ಲಿ 30 ಗೋಲ್ ಹೊಡೆದ. ಈ ವಾದದಲ್ಲಿ ಅವನ ಹೆಸರು ಕೊನೆಯಲ್ಲಿ ಬರುವುದು ನನಗೆ ಬೇಸರದ ಸಂಗತಿ.

ಮಾತು ಹಳೆಯ ಕಾಲಕ್ಕೆ ಹೋದರೆ ವೇಯ್ನ್ ಗ್ರೆಟ್ಸ್ಕಿಯ ಅಂಕಿಗಳು ಬ್ರಾಡ್ಮನ್‌ನ 99.94ರ ಹಾಗೆ. ಒಟ್ಟು 2857 ಪಾಯಿಂಟ್, ಅದರಲ್ಲಿ ಅಸಿಸ್ಟ್‌ಗಳೇ 1963. ಎರಡನೆಯ ಸ್ಥಾನದ ಯಾರೊಮಿರ್ ಯಾಗರ್‌ನ ಒಟ್ಟು ಪಾಯಿಂಟ್ 1921. ಗ್ರೆಟ್ಸ್ಕಿ ಒಂದೂ ಗೋಲ್ ಹೊಡೆದಿರದಿದ್ದರೂ ಮೊದಲಿಗನೇ. ಅವನ 894 ಗೋಲುಗಳ ದಾಖಲೆಯನ್ನು ಅಲೆಕ್ಸ್ ಒವೆಚ್ಕಿನ್ 2025ರ ಏಪ್ರಿಲ್ 6ರಂದು ಮುರಿದ. ಆದರೆ ಕಾಲದ ಲೆಕ್ಕ ಹಾಕದೆ ಹೋಲಿಸಬೇಡಿ. 1985-86ರಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಸರಾಸರಿ ಎಂಟರ ಹತ್ತಿರ ಗೋಲ್ ಬೀಳುತ್ತಿದ್ದವು, 2022-23ರಲ್ಲಿ ಆರಕ್ಕೆ ತುಸು ಮೇಲೆ. ಅಂದಿನ ಗೋಲಿಗಳ ಪ್ಯಾಡ್ ಚಿಕ್ಕದು, ನಿಂತೇ ತಡೆಯುವ ರೀತಿ. ಇಂದಿನವರು ಮೊಣಕಾಲೂರಿ ಕೆಳಗಿನ ಜಾಗವನ್ನೆಲ್ಲ ಮುಚ್ಚುತ್ತಾರೆ. 1985-86ರ ಗ್ರೆಟ್ಸ್ಕಿಯ 215 ಪಾಯಿಂಟನ್ನು ಈಗಿನ ಸರಾಸರಿಯಿಂದ ಗುಣಿಸಿ ಆಗಿನದರಿಂದ ಭಾಗಿಸಿದರೆ 170ರ ಆಸುಪಾಸಿಗೆ ಇಳಿಯುತ್ತದೆ. ಮ್ಯಾಕ್‌ಡೇವಿಡ್‌ನ 153 ಅದರ ಮುಂದೆ ಮಂಕಾಗುವುದಿಲ್ಲ.

ಬಾಸ್ಟನ್‌ನ ಬಾಬಿ ಆರ್‌ಗೆ ಇಂಥ ಇಳಿಕೆ ಬೇಕಿಲ್ಲ, ಅವನ ಕಾಲದ ಸರಾಸರಿ ಇಂದಿನದಕ್ಕೆ ಹತ್ತಿರ. ಡಿಫೆನ್ಸ್‌ಮನ್ ಆಗಿದ್ದುಕೊಂಡೇ 1970-71ರಲ್ಲಿ 139 ಪಾಯಿಂಟ್ ಗಳಿಸಿದ. ಪ್ಲಸ್-ಮೈನಸ್ +124, ಅಂದರೆ ಪವರ್ ಪ್ಲೇ ಬಿಟ್ಟು, ಅವನು ಐಸ್ ಮೇಲಿದ್ದಾಗ ಅವನ ತಂಡ ಬಿಟ್ಟುಕೊಟ್ಟಿದ್ದಕ್ಕಿಂತ 124 ಗೋಲ್ ಹೆಚ್ಚು ಹೊಡೆಯಿತು. ಈ ಅಂಕಿಯಲ್ಲೂ ಒಂದು ಹುಳುಕಿದೆ: 1967ರಲ್ಲಿ ಲೀಗ್ ಆರು ತಂಡಗಳಿಂದ ಹನ್ನೆರಡಕ್ಕೆ ಹಿಗ್ಗಿ, ದುರ್ಬಲ ತಂಡಗಳು ತುಂಬಿಕೊಂಡಿದ್ದವು. ಅಷ್ಟು ಕಳೆದರೂ, ಮೊಣಕಾಲು ಕೈಕೊಟ್ಟು 657 ಪಂದ್ಯಕ್ಕೇ ನಿಂತರೂ, ಸಾರ್ವಕಾಲಿಕರಲ್ಲಿ ನಾನು ಮೊದಲಿಡುವುದು ಆರ್‌ನನ್ನೇ. ಡಿಫೆನ್ಸ್‌ಮನ್ ಮುನ್ನುಗ್ಗಿ ಆಡಬಹುದೆಂದು ಅವನಷ್ಟು ಚೆನ್ನಾಗಿ ತೋರಿಸಿದವರಿಲ್ಲ. ಮಕಾರ್‌ನ ಆಟ ಅದೇ ದಾರಿಯದು.

‘ಕಪ್ ಗೆದ್ದಿಲ್ಲವಲ್ಲ’ ಎಂಬ ಮಾತು ಮ್ಯಾಕ್‌ಡೇವಿಡ್ ವಿರುದ್ಧ ಪದೇ ಪದೇ ಬರುತ್ತದೆ. 2024, 2025 ಎರಡೂ ಫೈನಲ್‌ಗಳಲ್ಲಿ ಎಡ್ಮಂಟನ್ ಫ್ಲೋರಿಡಾಕ್ಕೆ ಸೋತಿತು. ಮೆಕಿನನ್, ಮಕಾರ್ 2022ರಲ್ಲಿ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದರು, ಕುಚೆರೋವ್ ಎರಡು ಸಲ. ಆದರೆ 2024ರ ಪ್ಲೇಆಫ್‌ನಲ್ಲಿ ಮ್ಯಾಕ್‌ಡೇವಿಡ್‌ನದು 25 ಪಂದ್ಯಗಳಿಂದ 42 ಪಾಯಿಂಟ್, ಅದರಲ್ಲಿ 34 ಅಸಿಸ್ಟ್, ಗ್ರೆಟ್ಸ್ಕಿಯ 31ರ ದಾಖಲೆಯನ್ನೂ ಮೀರಿ. ಸೋತ ತಂಡದಲ್ಲಿದ್ದೂ ಪ್ಲೇಆಫ್‌ನ ಶ್ರೇಷ್ಠನೆಂದು ಕಾನ್ ಸ್ಮೈತ್ ಟ್ರೋಫಿ ಪಡೆದ. ಗೋಲಿಗಳನ್ನು ಬಿಟ್ಟರೆ 1976ರಿಂದೀಚೆಗೆ ಯಾರಿಗೂ ಹಾಗೆ ಬಂದಿರಲಿಲ್ಲ.

ಈಗಿನವರಲ್ಲಿ ನನ್ನ ಮತ ಮ್ಯಾಕ್‌ಡೇವಿಡ್‌ಗೆ, ಕಾರಣ ಅವನ ಕಾಲು. ಉಳಿದವರು ಪಕ್ ಹಿಡಿದ ಕೂಡಲೇ ಒಂದು ಕ್ಷಣ ಜಾರುತ್ತಾರೆ, ವೇಗ ಕುಗ್ಗುತ್ತದೆ. ಅವನು ಒಂದು ಕಾಲಿನ ಮೇಲೆ ಇನ್ನೊಂದನ್ನು ದಾಟಿಸುವ ಹೆಜ್ಜೆಯನ್ನು ನಿಲ್ಲಿಸದೆಯೇ ಪಕ್ ಆಡಿಸುತ್ತಾನೆ, ವೇಗ ಏರುತ್ತಲೇ ಇರುತ್ತದೆ. ಊರಿನಿಂದ ಮೊಬೈಲಿನಲ್ಲಿ ಹೈಲೈಟ್ಸ್ ನೋಡುವವರು ಪಕ್ ಮೇಲೆ ಕಣ್ಣಿಡಬೇಡಿ, ಎದುರಿಗೆ ಹಿಮ್ಮುಖವಾಗಿ ಸ್ಕೇಟ್ ಮಾಡುವ ಡಿಫೆನ್ಸ್‌ಮನ್‌ನ ಪಾದ ನೋಡಿ. ಮಾಮೂಲಿ ಫಾರ್ವರ್ಡ್ ಬಂದಾಗ ಅವನು ಒಂದೆರಡು ಸ್ಟಿಕ್ಕಿನಷ್ಟು ಅಂತರ ಇಟ್ಟುಕೊಂಡು, ತನ್ನ ವಲಯ ಶುರುವಾಗುವ ನೀಲಿ ಗೆರೆಯಲ್ಲೇ ತಡೆಯುತ್ತಾನೆ. ಮ್ಯಾಕ್‌ಡೇವಿಡ್ ಬಂದಾಗ ಗೆರೆಗೆ ಮುಂಚೆಯೇ ಪಾದ ಪಕ್ಕಕ್ಕೆ ತಿರುಗಿಸಿ ಓಡಲು ಶುರುಮಾಡಿರುತ್ತಾನೆ.