ಕಣ್ಣಿನ ನರ ಊದಿದೆ ಅಂದ್ರೆ ಸಾಲ್ದು, ಯಾವ ಊತ ಅಂತ ಹೇಳಿ

‘ಆಪ್ಟಿಕ್ ನ್ಯೂರೈಟಿಸ್’, ಅಂದ್ರೆ ಕಣ್ಣಿನ ನರದ ಊತ, ಅಂತ ಚೀಟಿಲಿ ಬರೆಸ್ಕೊಂಡು ಬರೋರನ್ನ ನಾನು ಮೊದ್ಲು ಕೇಳೋದು, ಕಣ್ಣು ಆ ಕಡೆ ಈ ಕಡೆ ಆಡಿಸಿದ್ರೆ ನೋವಾಗತ್ತಾ ಅಂತ. ಹೌದು, ಜೊತೆಗೆ ಕೆಂಪು ಬಣ್ಣ ಆ ಕಣ್ಣಲ್ಲಿ ಮಾತ್ರ ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆ ಥರ ಕಾಣತ್ತೆ ಅಂದ್ರೆ ಅರ್ಧ ಕೆಲಸ ಮುಗೀತು. ಇನ್ನರ್ಧ ಟಾರ್ಚಿನದು. ಚೆನ್ನಾಗಿರೋ ಕಣ್ಣಿಗೆ ಬೆಳಕು ಬಿಟ್ರೆ ಎರಡೂ ಪಾಪೆ ಕುಗ್ಗತ್ತೆ, ತಕ್ಷಣ ಟಾರ್ಚನ್ನ ನರ ಕೆಟ್ಟಿರೋ ಕಣ್ಣಿಗೆ ತಂದ್ರೆ ಕುಗ್ಗಿದ್ದ ಪಾಪೆ ಮತ್ತೆ ಹಿಗ್ಗತ್ತೆ, ಅಷ್ಟೇ, ಯಾವ ಮೆಷಿನ್ನೂ ಬೇಡ. ಆದ್ರೆ ಯಾರಾದ್ರೂ ಮೊದ್ಲೇ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಕಳಿಸಿದ್ರೆ ಈ ಪರೀಕ್ಷೆ ಹೋಯ್ತು. (ಕಳಿಸ್ತಾರೆ, ದಿನಾ ಕಳಿಸ್ತಾರೆ.) ಮೂರನೇ ಎರಡರಷ್ಟು ಜನಕ್ಕೆ ಊತ ಕಣ್ಣಿನ ಹಿಂದಿರತ್ತೆ, ಒಳಗೆ ಎಷ್ಟು ಬಗ್ಗಿ ನೋಡಿದ್ರೂ ನರದ ತುದಿ ನಾರ್ಮಲ್ಲಾಗೇ ಕಾಣತ್ತೆ, ಹಾಗಾಗಿ ಟಾರ್ಚು ಬಿಟ್ರೆ ಗತಿಯಿಲ್ಲ.

ಟ್ರೀಟ್‌ಮೆಂಟ್ ವಿಷ್ಯದಲ್ಲಿ ಎಲ್ಲರೂ ಈಗ್ಲೂ ಹಿಡ್ಕೊಂಡಿರೋದು 1992ರಲ್ಲಿ ಬಂದ ಅಮೆರಿಕದ ದೊಡ್ಡ ಟ್ರಯಲ್‌ನ, 457 ಜನ ಇದ್ರು ಅದ್ರಲ್ಲಿ. ರಕ್ತನಾಳಕ್ಕೆ ಸ್ಟೀರಾಯ್ಡ್ ಕೊಟ್ರೆ ದೃಷ್ಟಿ ಬೇಗ ವಾಪಸ್ ಬರತ್ತೆ, ಆದ್ರೆ ಕೊನೆಗೆ ಎಷ್ಟು ಬರತ್ತೆ ಅನ್ನೋದ್ರಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ, ಬರೀ ಮಾಮೂಲಿ ಡೋಸಿನ ಮಾತ್ರೆ ಕೊಟ್ರೆ ಮತ್ತೆ ಮತ್ತೆ ಬರೋದು ಜಾಸ್ತಿ ಅಂತ ಗೊತ್ತಾಯ್ತು. ಅವತ್ತಿಂದ ಮಾತ್ರೆ ಅಂದ್ರೇ ಹೆದರಿಕೆ. ಆದ್ರೆ 2018ರ ಒಂದು ಸಣ್ಣ ಟ್ರಯಲ್‌ನಲ್ಲಿ 1250 ಮಿಲಿಗ್ರಾಂ ಪ್ರೆಡ್ನಿಸೋನ್ ಬಾಯಲ್ಲಿ ಕೊಟ್ರೂ ಇಂಜೆಕ್ಷನ್‌ಗಿಂತ ಏನೂ ಕಮ್ಮಿ ಆಗ್ಲಿಲ್ಲ. ಅಂದ್ರೆ ತಕರಾರು ಇದ್ದಿದ್ದು ಡೋಸಲ್ಲಿ, ಮಾತ್ರೆಲಲ್ಲ.

ಇನ್ನೊಂದು ವಿಷ್ಯ, ಆ ಹಳೇ ಟ್ರಯಲ್ ನಡೆದಾಗ ಎಲ್ಲಾ ಊತಾನೂ ಒಂದೇ ಗುಂಪು, ಹೆಚ್ಚಿನವು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮೆದುಳು-ಬೆನ್ನುಹುರಿಯ ನರದ ಹೊದಿಕೆ ಹಾಳಾಗೋ ಕಾಯಿಲೆ) ಕಡೆಯವು. 2004ರಲ್ಲಿ ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ, ದೇಹದ ರಕ್ಷಣೆನೇ ಕಣ್ಣಿನ ನರ, ಬೆನ್ನುಹುರಿ ಮೇಲೆ ತಿರುಗಿಬೀಳೋದು) ಕಾಯಿಲೆಯ ಆ್ಯಂಟಿಬಾಡಿ, ಅಂದ್ರೆ ಆ ದಾಳಿ ಮಾಡೋ ರಕ್ತದ ಪ್ರೋಟೀನು, ಸಿಕ್ತು, ಮುಂದಿನ ವರ್ಷ ಅದು ಹೋಗಿ ಹೊಡೆಯೋದು ಅಕ್ವಾಪೋರಿನ್-4 ಅನ್ನೋ ನೀರಿನ ಚಾನೆಲ್‌ಗೆ ಅಂತ ಗೊತ್ತಾಯ್ತು, ಆಮೇಲೆ ಮಾಗ್ (ನರದ ಹೊದಿಕೆಯ ಒಂದು ಪ್ರೋಟೀನು) ಮೇಲೆ ಬೀಳೋ ಆ್ಯಂಟಿಬಾಡಿದು ಬೇರೆ ಕಾಯಿಲೆ ಅಂತಾಯ್ತು. ಹೆಸರಿಗೋಸ್ಕರ ಗುದ್ದಾಟ ಅಲ್ಲ ಇದು. ಎಂಎಸ್‌ಗೆ ಕೊಡೋ ಇಂಟರ್‌ಫೆರಾನ್ ಬೀಟಾ, ಫಿಂಗೋಲಿಮಾಡ್ ಥರದ ಔಷಧಿ ಎನ್‌ಎಂಒ ಇರೋರಿಗೆ ಕೊಟ್ರೆ ಕಾಯಿಲೆ ಕೆರಳತ್ತೆ. ಎನ್‌ಎಂಒದಲ್ಲಿ ಒಂದೇ ಅಟ್ಯಾಕ್‌ಗೆ ಕಣ್ಣು ಪೂರ್ತಿ ಹೋಗ್ಬಹುದು, ಅದಕ್ಕೇ ಸ್ಟೀರಾಯ್ಡ್‌ಗೆ ಬಗ್ಗದೇ ಇದ್ರೆ ವಾರಗಟ್ಟಲೆ ಕಾಯದೇ ಪ್ಲಾಸ್ಮಾ ಎಕ್ಸ್‌ಚೇಂಜ್ (ಆ್ಯಂಟಿಬಾಡಿ ಇರೋ ರಕ್ತದ ನೀರಂಶ ತೆಗೆದು ಬದಲಿಸೋದು) ಶುರು ಮಾಡ್ಬೇಕು ಅನ್ನೋರ ಕಡೆ ನಾನು. ಆ್ಯಂಟಿಬಾಡಿ ಟೆಸ್ಟಿನ ರಿಪೋರ್ಟ್ ಬರೋವರ್ಗೂ ಸ್ಟೀರಾಯ್ಡ್ ತಡೆಯೋದೂ ಬೇಡ, ರಕ್ತ ಮೊದ್ಲು ತಗೊಂಡು ಚಿಕಿತ್ಸೆ ಶುರು ಮಾಡಿ ಸಾಕು.

ಟೆಸ್ಟ್ ಯಾವ ವಿಧಾನದ್ದು ಅಂತಾನೂ ಕೇಳಿ. ಸೆಲ್-ಬೇಸ್ಡ್ ಅಸ್ಸೇ (ಜೀವಕೋಶದ ಮೇಲೇ ಆ್ಯಂಟಿಬಾಡಿ ಹುಡುಕೋ ವಿಧಾನ) ಆಗಿದ್ರೆ ನಂಬ್ಬಹುದು, ಎಲೈಸಾ (ಪ್ಲೇಟಿಗೆ ಅಂಟಿಸಿದ ಪ್ರೋಟೀನ್ ಮೇಲೆ ಹುಡುಕೋದು) ಆದ್ರೆ ಸುಳ್ಳು ಪಾಸಿಟಿವ್ ಜಾಸ್ತಿ. ಮಾಗ್ ಟೈಟರ್, ಅಂದ್ರೆ ರಕ್ತದಲ್ಲಿರೋ ಆ್ಯಂಟಿಬಾಡಿ ಮಟ್ಟ, ತೀರಾ ಕಮ್ಮಿ ಇದ್ರೂ ಅನುಮಾನ ಪಡಿ, 2023ರ ಮಾಗ್ ಮಾನದಂಡಗಳು ಕಮ್ಮಿ ಟೈಟರ್ ಒಂದನ್ನೇ ನಂಬಲ್ಲ, ಲಕ್ಷಣ ಅಥವಾ ಸ್ಕ್ಯಾನ್ ಕೂಡ ಹೊಂದ್ಬೇಕು ಅನ್ನತ್ತೆ.

ಎನ್‌ಎಂಒಗೆ 2019ರಲ್ಲಿ ಎಕುಲಿಜುಮಾಬ್, 2020ರಲ್ಲಿ ಇನೆಬಿಲಿಜುಮಾಬ್, ಸಾಟ್ರಲಿಜುಮಾಬ್ ಅನ್ನೋ ಔಷಧಿಗಳು ಅಮೆರಿಕದಲ್ಲಿ ಒಪ್ಪಿಗೆ ಪಡೆದ್ವು. ಕೆಲಸ ಮಾಡತ್ತೆ, ದುಬಾರಿ, ಅದಕ್ಕೇ ಎಷ್ಟೋ ಕಡೆ ಹಳೇ ಔಷಧಿ ರಿಟುಕ್ಸಿಮಾಬಲ್ಲೇ ನಡೀತಿದೆ.

ನಂಗೆ ಜಾಸ್ತಿ ತಲೆಬಿಸಿ ಕೊಡೋದು ಮಾಗ್. ಎಷ್ಟೋ ಸಲ ಎರಡೂ ಕಣ್ಣು ಒಟ್ಟಿಗೆ ಹೋಗಿರತ್ತೆ, ನರದ ತುದಿ ಸಿಕ್ಕಾಪಟ್ಟೆ ಊದಿರತ್ತೆ, ಸ್ಟೀರಾಯ್ಡ್ ಕೊಟ್ಟ ತಕ್ಷಣ ಹುಷಾರು, ಡೋಸ್ ಇಳಿಸ್ತಿದ್ದ ಹಾಗೇ ಕೆಲವ್ರಿಗೆ ವಾಪಸ್. ಆದ್ರೆ ಇನ್ನು ಕೆಲವ್ರಿಗೆ ಒಂದೇ ಸಲ, ಮತ್ತೆ ಬರೋದೇ ಇಲ್ಲ. ಹಾಗಾಗಿ ಮೊದಲ ಅಟ್ಯಾಕ್‌ಗೇ ವರ್ಷಗಟ್ಟಲೆ ಇಮ್ಯುನಿಟಿ ತಗ್ಗಿಸೋ ಔಷಧಿ ಕೊಡೋಕೆ ನಂಗೆ ಮನಸ್ಸಿಲ್ಲ, ಸ್ಟೀರಾಯ್ಡನ್ನ ನಿಧಾನಕ್ಕೆ ಇಳಿಸಿ, ನೋವು ಬಂದ್ರೆ ಅವತ್ತೇ ಬನ್ನಿ ಅಂತ ಹೇಳಿ ಕಳಿಸ್ತೀನಿ.