ಪೊಲೀಸರಿಗೆ ಹೇಳದೆ ನೀವೇ ಬಗೆಹರಿಸೋಕೆ ಆಗಲ್ವಾ?

ಆಗಲ್ಲ. ಫೋನ್ ಮಾಡಿ ಹೀಗೆ ಕೇಳುವ ಮನೆಯವರಿಗೆ ಇದನ್ನೇ ಮೆತ್ತಗೆ ಹೇಳಿ ಹೇಳಿ ಸಾಕಾಗಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಿದ್ದೂ ತಿಳಿಸದಿರುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಸಮಾಜ ಕಾರ್ಯಕರ್ತರಾದ ನಮಗೂ ಇದರಲ್ಲಿ ರಿಯಾಯಿತಿ ಇಲ್ಲ. ಹಿರಿಯರನ್ನು ಕೂರಿಸಿ ರಾಜಿ ಮಾಡಿಸಿ ಅನ್ನುವವರಿಗೂ ಅದೇ ಉತ್ತರ. ರಾಜಿಯಾಯಿತು ಎಂಬ ಕಾರಣಕ್ಕೆ ಇಂಥ ಪ್ರಕರಣವನ್ನು ಹೈಕೋರ್ಟೊಂದು ರದ್ದು ಮಾಡಿದ್ದನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ.

“ಪೊಲೀಸರನ್ನು ಕಂಡರೆ ಮಗು ಹೆದರುತ್ತೆ” ಅಂತೀರಿ. ಆ ಭಯ ನ್ಯಾಯವಾದದ್ದೇ. ಅದಕ್ಕೇ ಹೇಳಿಕೆಯನ್ನು ಮನೆಯಲ್ಲೋ, ಮಗುವಿಗೆ ಬೇಕಾದ ಕಡೆಯೋ ಪಡೆಯಬೇಕು. ಸಾಧ್ಯವಾದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ಇರಕೂಡದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪ್ರತಿ ಜಿಲ್ಲೆಯ ವಿಶೇಷ ಬಾಲ ಪೊಲೀಸ್ ಘಟಕದಲ್ಲಿ ಇಬ್ಬರು ಸಮಾಜ ಕಾರ್ಯಕರ್ತರಿರಬೇಕು, ಅವರಲ್ಲಿ ಒಬ್ಬರು ಮಹಿಳೆ ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಪೊಲೀಸರು ಮತ್ತು ನಾವು ಬೇರೆ ಬೇರೆ ಪಕ್ಷ ಅಂತ ನಿಮಗೆ ಹೇಳಿದವರು ಯಾರು?

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಮಗು ಇದನ್ನು ಎಷ್ಟು ಸಲ ಹೇಳಬೇಕು? ಅಮ್ಮನಿಗೆ, ಟೀಚರಿಗೆ, ನಮಗೆ, ಡಾಕ್ಟರಿಗೆ, ಪೊಲೀಸರಿಗೆ, ಮ್ಯಾಜಿಸ್ಟ್ರೇಟರಿಗೆ, ಕೊನೆಗೆ ಕೋರ್ಟಿನಲ್ಲಿ. ಪ್ರತಿ ಸಲವೂ ಒಂದು ಮಾತು ಆಚೀಚೆ ಆಗುತ್ತದೆ, ಆರೋಪಿಯ ವಕೀಲರು ಹಿಡಿಯುವುದು ಅದನ್ನೇ. ನಾವು ಮೊದಲೇ ಪೂರ್ತಿ ಕಥೆ ಕೇಳಿಬಿಟ್ಟರೆ “ಹೇಳಿಕೊಟ್ಟಿದ್ದಾರೆ” ಎನ್ನುವ ವಾದಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಹಾಗಾಗಿ ಮಗು ತಾನಾಗಿ ಹೇಳಿದ್ದನ್ನು ಅದರ ಮಾತಿನಲ್ಲೇ, ದಿನಾಂಕ, ವೇಳೆ ಹಾಕಿ ಬರೆದಿಡಿ. ಕೆದಕಬೇಡಿ. ದೇಹದ ಭಾಗಕ್ಕೆ ಮಗು ಮನೆಯಲ್ಲಿ ಬಳಸುವ ಹೆಸರು ಯಾವುದೆಂದು ಅಧಿಕಾರಿಗೆ ಮುಂಚೆಯೇ ತಿಳಿಸುವುದು ನಮ್ಮ ಕೆಲಸ. ಹೇಳಿಕೆಯಲ್ಲೂ ಅದೇ ಹೆಸರು ಬರಬೇಕು. ಆರು ವರ್ಷದ ಮಗು “ಲೈಂಗಿಕ ಕಿರುಕುಳ ನೀಡಿರುತ್ತಾರೆ” ಎಂದಿತು ಅಂತ ಠಾಣೆಯ ರೈಟರ್ ಬರೆದುಕೊಂಡರೆ ಯಾವ ಜಡ್ಜ್ ನಂಬುತ್ತಾರೆ? “ಎಷ್ಟು ಗಂಟೆಗೆ?” ಎಂದು ಆ ವಯಸ್ಸಿನವರನ್ನು ಕೇಳಿ ಫಲವಿಲ್ಲ. “ಆಮೇಲೆ ಏನಾಯ್ತು?” ಎಂದು ಕೇಳಿ ಸುಮ್ಮನೆ ಕಾಯಬೇಕು.

ಆಗ ಮಗು ಹಾಕಿಕೊಂಡಿದ್ದ ಬಟ್ಟೆ ಒಗೆಯಬೇಡಿ. ಪೇಪರ್ ಕವರಿನಲ್ಲಿ ಹಾಕಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಸಾಕ್ಷ್ಯ ಹಾಳು. ಎಫ್‌ಐಆರ್ ಆಗಿಲ್ಲ ಎಂದು ಆಸ್ಪತ್ರೆಯವರು ವಾಪಸು ಕಳಿಸುವಂತಿಲ್ಲ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಹಾಗಾಗಿ ಮೊದಲು ಆಸ್ಪತ್ರೆ.

ಆರೋಪಿ ಅದೇ ಮನೆಯವನಾದರೆ ಪೊಲೀಸರ ಕೆಲಸ, ನಮ್ಮ ಕೆಲಸ ತೀರಾ ಹೆಣೆದುಕೊಳ್ಳುತ್ತದೆ. ಪೊಲೀಸರು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆ ಮನೆಯಲ್ಲಿ ಮಗು ಇರಬಹುದೇ ಎಂದು ಸಮಿತಿ ಮೂರು ದಿನದಲ್ಲಿ ತೀರ್ಮಾನಿಸಬೇಕು. ಮನೆಗೆ ಹೋಗಿ, ಅಜ್ಜಿ ಯಾರ ಕಡೆ, ಅಮ್ಮನ ಖರ್ಚಿಗೆ ಯಾರು ಕೊಡುತ್ತಾರೆ ಎಂದು ತಿಳಿಯದೆ ಅದನ್ನು ಹೇಗೆ ತೀರ್ಮಾನಿಸುವುದು? ಪೊಲೀಸರು ಶುಕ್ರವಾರ ಸಂಜೆ ಫೈಲು ಕಳಿಸಿ ಸುಮ್ಮನಾದರೆ ಆ ಮೂರು ದಿನ ಹಾಗೇ ಕರಗುತ್ತವೆ. ಫೈಲಿಗಿಂತ ಮುಂಚೆ ನಮಗೆ ಒಂದು ಫೋನ್ ಬರಬೇಕು.

ನೀವು ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಆಮೇಲೆ ಸಮಿತಿಯವರನ್ನು “ನಮ್ಮ ಮಗುವಿಗೆ ಬೆಂಬಲ ವ್ಯಕ್ತಿ ಯಾರು?” ಎಂದು ಕೇಳಿ, ಅಂದರೆ ಪ್ರಕರಣದ ಉದ್ದಕ್ಕೂ ಮಗುವಿನ ಜೊತೆಗಿದ್ದು ನೆರವಾಗುವವರು. ಅವರ ಹೆಸರು, ನಂಬರ್ ಬರೆದುಕೊಳ್ಳಿ.