ಹಿಂದೆ ನಿಲ್ಲೋಕೆ ಯಾರಿದ್ದಾರೆ?

ಮೊನ್ನೆ ಭಾನುವಾರ ಐನ್‌ಮನೆ, ಅಂದ್ರೆ ನಮ್ಮ ಮನೆತನದ ಮೂಲಮನೆಯ ಕೈಯಾಲೆ ಜಗಲಿಯಲ್ಲಿ ಕೂತು, ಏಪ್ರಿಲಲ್ಲಿ ನಡೆಯೋ ಕೊಡವ ಒಕ್ಕಗಳ (ಮನೆತನಗಳ) ಹಾಕಿ ಕಪ್ಪಿಗೆ ನಮ್ಮ ಒಕ್ಕದ ಟೀಮಿಗೆ ಹೆಸರು ಬರೀತಾ ಇದ್ವಿ. ರೋಬಸ್ಟಾ ಕುಯ್ಲು ಇನ್ನೂ ಅರ್ಧ ಬಾಕಿ, ಕಣದ ತುಂಬ ಕಾಫಿ ಹರವಿದೆ, ಏಪ್ರಿಲ್ ಅಂದ್ರೆ ದೂರ ಇದೆ ಅನ್ಸುತ್ತೆ ಆದ್ರೆ ಬಂದೇಬಿಡುತ್ತೆ. ಫಾರ್ವರ್ಡ್ ಅಂತ ಬರೆದ ಕಡೆ ಹನ್ನೊಂದು ಹೆಸರು ಬಂತು, ಇನ್ನೂ ಇಬ್ಬರು ಬೆಂಗಳೂರಿಂದ ಫೋನ್ ಮಾಡಿ ನಾವೂ ಬರ್ತೀವಿ ಅಂದ್ರು. ಫುಲ್ ಬ್ಯಾಕ್, ಅಂದ್ರೆ ಗೋಲಿನ ಮುಂದೆ ನಿಂತು ತಡೆಯೋರು, ಅಂತ ಬರೆದ ಕಡೆ ಎರಡೇ ಎರಡು. ಆ ಇಬ್ಬರಲ್ಲಿ ಒಬ್ಬ ನಮ್ಮಣ್ಣ, ಅವನಿಗೆ ಮಂಡಿ ಆಪರೇಷನ್ ಆಗಿ ಎಂಟು ತಿಂಗಳು. ಇನ್ನೊಬ್ಬ ದೊಡ್ಡಪ್ಪನ ಮಗ, ಒಳ್ಳೆ ಆಟಗಾರ, ಆದ್ರೆ ಫೆಬ್ರವರಿ ಮಾರ್ಚ್ ಪೂರ್ತಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕೋದರಲ್ಲೇ ಹೋಗುತ್ತೆ, ಕರೆಂಟು ಬಂದಾಗ ಮೋಟರ್ ಹಾಕಬೇಕು, ಅದು ರಾತ್ರಿ ಎರಡು ಗಂಟೆಗೂ ಬರಬಹುದು, ಕಾಫಿ ಹೂ ಅರಳಿಸೋ ಹೂಮಳೆ ಸರಿಯಾಗಿ ಬಿದ್ರೆ ಮಾತ್ರ ಅವನು ಪ್ರಾಕ್ಟೀಸಿಗೆ ಸಿಕ್ತಾನೆ.

ನನಗೆ ಆ ಪಟ್ಟಿ ನೋಡಿದಾಗಿನಿಂದ ನಿದ್ದೆ ಸರಿ ಇಲ್ಲ.

ಮೊದಲೆಲ್ಲ ಇಬ್ಬರು ಗಟ್ಟಿ ಬ್ಯಾಕ್ ಇದ್ರೆ ಸಾಕು ಅಂತಿದ್ರು. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಈ ಕಪ್ಪನ್ನ ಶುರು ಮಾಡಿದಾಗ ಆಡಿದ್ದು 60 ಒಕ್ಕ, ಆರು ಮ್ಯಾಚ್ ಗೆದ್ರೆ ಕಪ್ಪು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಒಕ್ಕ ನಡೆಸಿದ ಮುದ್ದಂಡ ಕಪ್‌ಗೆ 396 ಒಕ್ಕ ಹೆಸರು ಕೊಟ್ಟಿದ್ವು. ನಾಕೌಟ್ ಲೆಕ್ಕದಲ್ಲಿ ಬೈ (ಆಡದೆ ಮುಂದಿನ ರೌಂಡಿಗೆ ಹೋಗೋದು) ಸಿಗದೆ ಮೊದಲ ರೌಂಡಿಂದ ಬಂದವರಿಗೆ ಒಂಬತ್ತು ಮ್ಯಾಚ್. ನಾವು ಕಪ್ ಎತ್ತುತ್ತೀವಿ ಅಂತ ನಾನು ಹೇಳ್ತಿಲ್ಲ, ನಾಲ್ಕನೇ ರೌಂಡ್ ತಲುಪಿದ್ರೂ ಬಿಸಿಲಲ್ಲಿ ಅದೇ ಇಬ್ಬರು ನಾಲ್ಕು ಸಲ ಪೂರ್ತಿ ಮ್ಯಾಚ್ ನಿಲ್ಲಬೇಕು. ಫಾರ್ವರ್ಡ್‌ಗಳನ್ನ ಐದೈದು ನಿಮಿಷಕ್ಕೆ ಬದಲಾಯಿಸ್ತೀವಿ, ನೀರು ಕೊಡ್ತೀವಿ, ಬೆನ್ನು ತಟ್ಟುತ್ತೀವಿ. ಬ್ಯಾಕನ್ನ ಮಾತ್ರ ಯಾರೂ ಬದಲಾಯಿಸಲ್ಲ, ಯಾಕಂದ್ರೆ ಬದಲಿಗೆ ಯಾರೂ ಇಲ್ಲ.

ಕಳೆದ ಸಲ ಎರಡನೇ ರೌಂಡಲ್ಲಿ ಆಗಿದ್ದು ಇದೇ. ಒಂದು ಗೋಲು ಮುಂದಿದ್ವಿ. ಸೆಕೆಂಡ್ ಹಾಫಲ್ಲಿ ನಮ್ಮಣ್ಣ ತಡವಾಗಿ ಟ್ಯಾಕ್ಲ್ ಹಾಕಿದ, ಸ್ಟಿಕ್ಕು ಬಾಲಿಗೆ ತಾಗೋ ಮುಂಚೆ ಆ ಹುಡುಗನ ಕಾಲಿಗೆ ತಾಗ್ತು, ಯೆಲ್ಲೋ ಕಾರ್ಡ್. ಸರಿಯಾದ ಕಾರ್ಡೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಅವನು ಹೊರಗೆ ಕುರ್ಚಿ ಮೇಲೆ ಕೂತಿದ್ದು ಐದೇ ನಿಮಿಷ, ಅಷ್ಟರಲ್ಲಿ ಮೂರು ಪೆನಾಲ್ಟಿ ಕಾರ್ನರ್ ಕೊಟ್ವಿ, ಎರಡು ಗೋಲಾಯ್ತು. ಕಾರ್ನರ್ ಅಂದ್ರೆ ಎದುರಾಳಿ ಗೋಲ್ ಲೈನಿಂದ ಬಾಲ್ ತಳ್ಳಿ ಗೋಲಿಗೆ ಹೊಡೀತಾರೆ, ತಡೆಯೋಕೆ ಗೋಲ್ ಕೀಪರ್ ಸೇರಿ ಐದು ಜನ ಲೈನ್ ಹಿಂದೆ ನಿಲ್ಲಬೇಕು, ಹತ್ತು ಜನ ಇದ್ರೂ ಆ ಐದು ಜನ ಸಿಗ್ತಾರೆ, ಎಣಿಕೆ ತೊಂದರೆ ಅಲ್ಲ. ತೊಂದರೆ ಏನು ಅಂದ್ರೆ ಲೈನಿಂದ ಹೊಡೆಯೋನ ಮೇಲೆ ಮೊದಲು ಓಡೋ ರಶರ್ ನಮ್ಮಣ್ಣನೇ ಆಗಿದ್ದ. ಅವನ ಜಾಗಕ್ಕೆ ಒಬ್ಬ ಫಾರ್ವರ್ಡ್ ಹುಡುಗನ್ನ ನಿಲ್ಲಿಸಿದ್ವಿ, ಧೈರ್ಯದ ಹುಡುಗ, ಬಾಲ್ ತಳ್ಳಿದ ಕೂಡ್ಲೆ ಬಾಣದ ಹಾಗೆ ಓಡಿದ, ಆದ್ರೆ ನೆಟ್ಟಗೆ ನಡುವಿಗೇ ಓಡಿದ. ರಶರ್ ಒಂದು ಪಕ್ಕ ಹಿಡ್ಕೊಂಡು, ಹೊಡೆಯೋನ ಸ್ಟಿಕ್ ಇರೋ ಕಡೆಗೆ ಓಡಬೇಕು, ಆಗ ಒಂದು ಮೂಲೆ ಅವನದು ಇನ್ನೊಂದು ಮೂಲೆ ಕೀಪರ್‌ದು. ಇವನು ನಡುವಲ್ಲಿ ಹೋಗಿದ್ದಕ್ಕೆ ನಮ್ಮ ಕೀಪರ್‌ಗೇ ಬಾಲ್ ಕಾಣ್ಲಿಲ್ಲ. ಗೋಲಿನ ಹಲಗೆಗೆ ಬಾಲ್ ಬಡಿದ ಸದ್ದು ಕೇಳಿದ ಮೇಲೆ ಕೀಪರ್ ತಿರುಗಿ ನೋಡಿದ. ಬೆಂಚಲ್ಲಿ ಬೇರೆಯವರು ಇದ್ರಲ್ಲ ಅಂತ ಕೇಳಬಹುದು, ಆದ್ರೆ ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯೋ ತನಕ ಕೀಪರ್‌ಗೆ ಪೆಟ್ಟೋ ಕಾರ್ಡೋ ಆಗದೆ ಬದಲಿ ಕಳಿಸೋ ಹಾಗಿಲ್ಲ, ಒಳಗೆ ಯಾರಿದ್ದಾರೋ ಅವರೇ ತಡೀಬೇಕು.

ನಮ್ಮಂಥ ಒಕ್ಕದ ಟೀಮು ಹಾಗಿರಲಿ, ಪ್ಯಾರಿಸ್ ಒಲಿಂಪಿಕ್ಸಲ್ಲಿ ಇಂಡಿಯಾಕ್ಕೂ ಇದೇ ಆಯ್ತು. 2024ರ ಕ್ವಾರ್ಟರ್ ಫೈನಲ್, ಬ್ರಿಟನ್ ಮೇಲೆ, 17ನೇ ನಿಮಿಷಕ್ಕೆ ನಮ್ಮ ಬ್ಯಾಕ್ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಮಿಕ್ಕಿದ್ದೆಲ್ಲ ಹತ್ತೇ ಜನ ಆಡಿದ್ರು, ಮನ್‌ಪ್ರೀತ್ ಮಿಡ್‌ಫೀಲ್ಡ್ ಬಿಟ್ಟು ಹಿಂದೆ ಬಂದು ನಿಂತ, 1-1ರಲ್ಲಿ ಹಿಡಿದು ಶೂಟೌಟಲ್ಲಿ ಕೀಪರ್ ಶ್ರೀಜೇಶ್ ಗೆಲ್ಲಿಸಿದ, ಆ ರಾತ್ರಿ ನಮ್ಮೂರಲ್ಲಿ ಪಟಾಕಿ ಹೊಡೆದಿದ್ರು. ಆದ್ರೆ ಬ್ಯಾನ್ ಆಗಿ ರೋಹಿದಾಸ್ ಸೆಮಿಫೈನಲ್‌ಗೆ ಇರ್ಲಿಲ್ಲ. ಜರ್ಮನಿ ಮೇಲೆ 2-3. ಜರ್ಮನಿಯ ಮೊದಲ ಗೋಲು ಬಂದಿದ್ದು ಪೆನಾಲ್ಟಿ ಕಾರ್ನರ್‌ನಿಂದ, ಹೊಡೆದವನು ಪೆಯಾಟ್, ಕಾರ್ನರ್‌ಗೆ ನಮ್ಮ ಮೊದಲ ರಶರ್ ಆಗಿದ್ದವನು ರೋಹಿದಾಸ್. ಅವನಿದ್ದಿದ್ರೆ ಗೆಲ್ತಿದ್ವಿ ಅಂತ ಯಾರೂ ಹೇಳಕ್ಕಾಗಲ್ಲ, ಆದ್ರೂ ಆ ಮ್ಯಾಚ್ ನೆನಪಾದಾಗೆಲ್ಲ ನನಗೆ ಖಾಲಿ ಇದ್ದ ಆ ಜಾಗವೇ ಕಣ್ಣ ಮುಂದೆ ಬರುತ್ತೆ. ಸ್ಪೇನ್ ಮೇಲೆ ಕಂಚು ಗೆದ್ದಾಗ ಅವನು ವಾಪಸ್ ಬಂದಿದ್ದ.

ಮಕ್ಕಳನ್ನ ಕೇಳಿ ನೋಡಿ, ಎಲ್ಲರೂ ಇಂಡಿಯಾ ಫಾರ್ವರ್ಡ್ ಎಸ್.ವಿ. ಸುನಿಲ್ ಆಗಬೇಕು, ಸೋಮವಾರಪೇಟೆಯಿಂದ ಹೋಗಿ ಆ ಸ್ಪೀಡಲ್ಲಿ ರೈಟಿಂದ ಓಡಿದ್ದನ್ನ ನೋಡಿದವರು ಯಾರು ತಾನೇ ಬೇಡ ಅಂತಾರೆ. ಆದ್ರೆ ವಿ.ಆರ್. ರಘುನಾಥ್ ಕೂಡ ಇದೇ ಕೊಡಗಿನವನು, ಫುಲ್ ಬ್ಯಾಕ್, ರಿಯೋ ಒಲಿಂಪಿಕ್ಸ್ ಆಡಿದವನು. ಎ.ಬಿ. ಸುಬ್ಬಯ್ಯ ಗೋಲಲ್ಲಿ ನಿಂತವರು. ತಡೆಯೋದೂ ನಮ್ಮ ಮಣ್ಣಿನ ವಿದ್ಯೆನೇ, ಆದ್ರೆ ಮನೆಗಳಲ್ಲಿ ಗೋಲು ಹೊಡೆದವರ ಫೋಟೋ ಮಾತ್ರ ಫ್ರೇಮ್ ಹಾಕಿಸ್ತಾರೆ.

ಇನ್ನೊಂದು ವಿಷಯ, ಇದನ್ನ ನಮ್ಮ ಹಿರಿಯರು ಒಪ್ಪಲ್ಲ. ಪೊನ್ನಂಪೇಟೆ ಕಡೆ ಟರ್ಫ್ (ಕೃತಕ ಹುಲ್ಲು) ಮೇಲೆ ಆಡಿ ಕಲಿತ ಇಬ್ಬರು ಹುಡುಗರು ನಮ್ಮಲ್ಲಿದ್ದಾರೆ, ಅವರನ್ನ ಹಿಂದೆ ಹಾಕಿದ್ರೆ ಆಯ್ತಲ್ಲ ಅಂತಾರೆ. ಹಾಕಬಹುದು, ಆದ್ರೆ ನಾಳೆಯಿಂದಲೇ ಮಣ್ಣಲ್ಲಿ ಆಡಿಸಬೇಕು. ಟರ್ಫಲ್ಲಿ ಬಾಲ್ ನೆಲಕ್ಕೆ ಅಂಟಿಕೊಂಡು ಬರುತ್ತೆ, ಸ್ಟಿಕ್ಕನ್ನ ಪೂರ್ತಿ ನೆಲಕ್ಕೆ ಮಲಗಿಸಿ ಅಡ್ಡ ಇಟ್ರೆ ಸಿಗುತ್ತೆ. ನಮ್ಮ ಮೈದಾನದಲ್ಲಿ ಹುಲ್ಲು ಅಲ್ಲಲ್ಲಿ, ಕೆಂಪು ಮಣ್ಣು, ಹಸು ತುಳಿದ ಗುಳಿ, ಬಾಲ್ ಸ್ಟಿಕ್ ಹತ್ತಿರ ಬಂದು ನಾಲ್ಕು ಬೆರಳು ಮೇಲೆದ್ದು ಹಾರಿ ಹೋಗುತ್ತೆ. ಡಿಸೆಂಬರಲ್ಲಿ ಆ ಹುಡುಗ ಮೂರು ಸಲ ಸ್ಟಿಕ್ ಮಲಗಿಸಿದ, ಮೂರು ಸಲವೂ ಬಾಲ್ ಮೇಲಿಂದ ದಾಟಿ ಹೋಯ್ತು, ಅವನ ತಪ್ಪಲ್ಲ, ಕಲಿಸಿದ್ದೇ ಹಾಗೆ. ಮಣ್ಣಲ್ಲಿ ಒಂದು ಹೆಜ್ಜೆ ಹಿಂದೆ ಬಿಟ್ಟು, ಸ್ಟಿಕ್ ನೆಟ್ಟಗೆ ಹಿಡಿದು, ಪಾದ ಬಾಲಿನ ದಾರಿಗೆ ಸಿಗದ ಹಾಗೆ ನಿಲ್ಲಬೇಕು. ಇದು ಕೈಗೆ ಬರೋಕೆ ವಾರಗಳು ಬೇಕು, ಮ್ಯಾಚ್ ಹಿಂದಿನ ದಿನ ಹೇಳಿದ್ರೆ ಬರಲ್ಲ.

ಹಾಗಾಗಿ ನಾನು ಒಂದು ಹೆಸರು ಹೇಳಿದೆ, ಕೈಯಾಲೆ ಸುಮ್ಮನಾಯ್ತು. ನಮ್ಮ ಚಿಕ್ಕಪ್ಪನ ಮೊಮ್ಮಗಳು, ಡಿಗ್ರಿ ಎರಡನೇ ವರ್ಷ, ಕಾಲೇಜ್ ಟೀಮಲ್ಲಿ ಲೆಫ್ಟ್ ಹಾಫ್. ಈ ಕಪ್ಪಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆನೇ ಆಡ್ತಾರೆ, ಅದು ಹೊಸದೇನಲ್ಲ, ನಮ್ಮ ಒಕ್ಕದಲ್ಲೂ ಆಡಿದ್ದಾರೆ, ಆದ್ರೆ ಯಾವಾಗ್ಲೂ ವಿಂಗಲ್ಲಿ, ಪೆಟ್ಟು ಕಡಿಮೆ ಬೀಳೋ ಜಾಗ ಅಂತ. ಅವಳನ್ನ ಲೆಫ್ಟ್ ಫುಲ್ ಬ್ಯಾಕ್ ಮಾಡಬೇಕು ಅಂತ ನನ್ನ ವಾದ. ಪುತ್ತರಿ ಸುಗ್ಗಿ ಹಬ್ಬದ ರಜೆಯಲ್ಲಿ ಅವಳು ಆಡೋದನ್ನ ಗದ್ದೆಯಲ್ಲಿ ನಿಂತು ನೋಡಿದೀನಿ. ನನ್ನ ಮಗ ಬಾಲ್ ತಗೊಂಡು ಅವಳ ರಿವರ್ಸ್ ಕಡೆಗೆ, ಅಂದ್ರೆ ಸ್ಟಿಕ್ ತಿರುಗಿಸಿ ಹಿಡಿಯಬೇಕಾದ ಎಡಕ್ಕೆ, ನುಗ್ಗಿದ, ಎಲ್ಲರೂ ಅಲ್ಲೇ ಸೋಲ್ತಾರೆ. ಅವಳು ಟ್ಯಾಕ್ಲೇ ಹಾಕ್ಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡ್ತಾ ಅವನನ್ನ ಬದುವಿನ ಕಡೆ ತಳ್ಕೊಂಡು ಹೋದಳು, ಅವನು ತಲೆ ಎತ್ತಿ ಪಾಸ್ ಯಾರಿಗೆ ಅಂತ ನೋಡೋ ಹೊತ್ತಿಗೆ ಬಾಲ್ ಅವನ ಸ್ಟಿಕ್ಕಿಂದ ಒಂದು ಗೇಣು ದೂರ ಹೋಗಿತ್ತು, ಆಗ ಸ್ಟಿಕ್ ಚಾಚಿ ಒಂದೇ ಒಂದು ಜ್ಯಾಬ್. ಅಷ್ಟೇ. ಆ ತಾಳ್ಮೆ ನಮ್ಮ ಹನ್ನೊಂದು ಫಾರ್ವರ್ಡ್‌ಗಳಲ್ಲಿ ಒಬ್ಬರಿಗೂ ಇಲ್ಲ, ನನ್ನ ಮಗನೂ ಸೇರಿ.

ಅಷ್ಟು ಜೋರು ಹೊಡೆತಕ್ಕೆ ಹುಡುಗಿಯನ್ನ ನಿಲ್ಲಿಸ್ತೀಯಾ ಅಂತ ದೊಡ್ಡಪ್ಪ ಕೇಳಿದ್ರು. ಅವರ ಭಯ ನನಗೆ ಅರ್ಥ ಆಗುತ್ತೆ, ಕಾರ್ನರ್‌ನಲ್ಲಿ ರಶ್ ಮಾಡೋಕೆ ನಾನೂ ಅವಳನ್ನ ಕಳಿಸಲ್ಲ, ಅದಕ್ಕೆ ಟರ್ಫ್ ಹುಡುಗರಲ್ಲಿ ಒಬ್ಬನಿಗೆ ಮಂಡಿ ಗಾರ್ಡ್, ಗ್ಲೌಸ್, ಮಾಸ್ಕ್ ಕೊಡಿಸೋಣ ಅಂದೆ, ದುಡ್ಡು ನಾನು ಹಾಕ್ತೀನಿ ಅಂದೆ. ಮಾತು ಅಲ್ಲಿಗೆ ನಿಂತಿತು, ಬೇಡ ಅಂತ ಯಾರೂ ಹೇಳ್ಲಿಲ್ಲ. ಕೊನೆಗೆ ನಮ್ಮಣ್ಣನೇ ಪೆನ್ ತಗೊಂಡು ಫುಲ್ ಬ್ಯಾಕ್ ಕೆಳಗೆ ತನ್ನ ಹೆಸರಿಗೂ ಮೇಲೆ ಅವಳ ಹೆಸರು ಬರೆದ.

ಈ ಶನಿವಾರ ಅವಳು ಬಸ್ಸಲ್ಲಿ ಬರ್ತಾಳೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಮೈದಾನದಲ್ಲಿ ನಾಲ್ಕು ಬ್ಯಾಕ್ ಮೇಲೆ ಏಳು ಫಾರ್ವರ್ಡ್ ಬಿಟ್ಟು ಒಂದು ಗಂಟೆ ಆಡಿಸ್ತೀನಿ, ಫಾರ್ವರ್ಡ್‌ಗಳಿಗೆ ಮೊದಲೇ ಹೇಳಿದೀನಿ, ಅವಳು ಅಂತ ಮೆತ್ತಗೆ ಹೊಡೆದವನಿಗೆ ಏಪ್ರಿಲಲ್ಲಿ ಜರ್ಸಿ ಇಲ್ಲ.